ಒಪ್ಪವಾಗಿ ಕಾಣಲು ಎಷ್ಟು ದುಡ್ಡು ಬೇಕು?

ನಲವತ್ತು, ಐವತ್ತು ವರ್ಷಗಳ ಹಿಂದೆ ನಿಮ್ಮ ಊರಿನಲ್ಲಿ ಎಲ್ಲರಿಗಿಂತ ನೀಟಾಗಿ ಉಡುತ್ತಿದ್ದವರು ಯಾರು ಎಂದು ಮನೆಯ ಹಿರಿಯರನ್ನು ಕೇಳಿ ನೋಡಿ. ಸಾಹುಕಾರರ ಮನೆಯವರನ್ನು ಹೆಸರಿಸುವವರು ಕಡಿಮೆ. ಬಹಳ ಜನ ನೆನಪಿಸಿಕೊಳ್ಳುವುದು ಸರ್ಕಾರಿ ಶಾಲೆಯ ಟೀಚರನ್ನು, ಆಸ್ಪತ್ರೆಯ ಸಿಸ್ಟರನ್ನು, ತಾಲ್ಲೂಕು ಕಚೇರಿಯ ಯಾರೋ ಒಬ್ಬ ಗುಮಾಸ್ತರನ್ನು. ಅವರ ಸಂಬಳ ಎಷ್ಟೆಂಬುದು ಊರಿಗೇ ಗೊತ್ತಿತ್ತು. ಟೀಚರ ಬಳಿ ಶಾಲೆಗೆ ಉಡಲು ಇದ್ದ ಸೀರೆಗಳನ್ನು ಮಕ್ಕಳು ಬೆರಳು ಮಡಚಿ ಎಣಿಸಿ ಹೇಳುತ್ತಿದ್ದರು: ಸೋಮವಾರ ನೀಲಿ, ಮಂಗಳವಾರ ಹಸಿರು ಗೀಟಿನದು. ಆದರೂ ಗಂಜಿ ಹಾಕಿ ಇಸ್ತ್ರಿ ಮಾಡಿದ ನೂಲಿನ ಸೀರೆ, ಒಂದೇ ಅಳತೆಯ ನೆರಿಗೆ, ಭುಜದ ಮೇಲೆ ಒಂದೇ ಪಿನ್ನಿಗೆ ಕೂತ ಸೆರಗು, ಬಿಗಿಯಾಗಿ ಹೆಣೆದ ಜಡೆ, ಇಷ್ಟರಿಂದಲೇ ಅವರು ತರಗತಿಯ ಬಾಗಿಲಿಗೆ ಬಂದರೆ ಗದ್ದಲ ತಾನಾಗಿ ನಿಲ್ಲುತ್ತಿತ್ತು.

ಇವತ್ತು ಬಟ್ಟೆ ಅಗ್ಗವಾಗಿದೆ, ಬೀರು ತುಂಬಿದೆ. ಮುನ್ನೂರು ರೂಪಾಯಿಯ ಕುರ್ತಾ, ಐನೂರು ರೂಪಾಯಿಯ ಸೀರೆ ಮೊಬೈಲಿನಲ್ಲಿ ಒತ್ತಿದರೆ ಮನೆ ಬಾಗಿಲಿಗೆ ಬರುತ್ತವೆ. ಆದರೆ ಮದುವೆಗೋ ಕೆಲಸದ ಸಂದರ್ಶನಕ್ಕೋ ಹೊರಡುವ ಹೊತ್ತಿಗೆ ಬೀರು ತೆರೆದು ನಿಂತವರ ಬಾಯಲ್ಲಿ ಬರುವ ಮಾತು, ‘ಹಾಕ್ಕೊಳ್ಳೋಕೆ ಒಂದೂ ಇಲ್ಲ.’ ಆ ಮಾತು ಸುಳ್ಳಲ್ಲ. ಒಂದರ ತೋಳು ಉದ್ದ, ಇನ್ನೊಂದರ ಬಣ್ಣ ಎರಡನೇ ಒಗೆತಕ್ಕೇ ಮಾಸಿದೆ, ಮತ್ತೊಂದಕ್ಕೆ ಹೊಂದುವ ರವಿಕೆ ಇಲ್ಲ, ಮಗದೊಂದರ ಗುಂಡಿ ಕಳೆದು ಮೂರು ತಿಂಗಳಾಗಿದೆ. ಬಟ್ಟೆಗಳ ರಾಶಿ ಇದೆ, ಉಡುವ ಸ್ಥಿತಿಯಲ್ಲಿ ಇರುವುದು ಮಾತ್ರ ಯಾವುದೂ ಇಲ್ಲ.

ನನಗೆ ಖಚಿತವಾಗಿರುವುದು ಇಷ್ಟು: ಕಡಿಮೆ ಖರ್ಚಿನಲ್ಲಿ ಚೆನ್ನಾಗಿ ಕಾಣಬೇಕೆಂದು ಹಂಬಲಿಸುವವರು ದುಡ್ಡನ್ನು ತಪ್ಪು ಜಾಗದಲ್ಲಿ ಸುರಿಯುತ್ತಿದ್ದಾರೆ. ಅಂಗಡಿಯಲ್ಲಿ ಕೈ ಸಡಿಲ, ದರ್ಜಿಯ ಬಳಿ ಕೈ ಬಿಗಿ. ಹೊಸದೊಂದು ಟಾಪಿಗೆ ಆರುನೂರು ಕೊಡಲು ಯೋಚಿಸದವರು, ಇರುವ ಟಾಪಿನ ಪಕ್ಕದ ಹೊಲಿಗೆ ಒಳಗೆ ಹಿಡಿಸಲು ಅರವತ್ತು ಕೇಳಿದರೆ ಚೌಕಾಸಿಗೆ ಇಳಿಯುತ್ತಾರೆ. ಈ ಲೆಕ್ಕ ತಿರುಗಬೇಕು. ಕೊಳ್ಳುವುದಕ್ಕೆ ಕಡಿಮೆ, ಹೊಲಿಗೆಗೂ ಆರೈಕೆಗೂ ಹೆಚ್ಚು.

ಭುಜ ನೋಡಿ ಕೊಳ್ಳಿ

ರೆಡಿಮೇಡ್ ಬಟ್ಟೆ ಯಾರ ಮೈಯನ್ನೂ ನೋಡಿ ಹೊಲಿದದ್ದಲ್ಲ. ಕಾರ್ಖಾನೆಯಲ್ಲಿ ಒಂದು ಅಳತೆಯ ಪಟ್ಟಿ ಇರುತ್ತದೆ. ಎದೆಗೆ ಇಷ್ಟಿದ್ದರೆ ಸೊಂಟಕ್ಕೆ ಇಷ್ಟು, ತೋಳಿಗೆ ಇಷ್ಟು ಎಂದು ಅದರಲ್ಲಿ ನಿಗದಿಯಾಗಿರುತ್ತದೆ. ಆ ಪಟ್ಟಿಗೆ ತಲೆಯಿಂದ ಕಾಲಿನವರೆಗೆ ಹೊಂದುವ ಮೈ ನೂರಕ್ಕೊಂದು ಸಿಗಬಹುದು. ಭುಜಕ್ಕೆ ಮೀಡಿಯಂ, ಸೊಂಟಕ್ಕೆ ಲಾರ್ಜ್ ಬೇಕಾಗುವುದೇ ಸಾಮಾನ್ಯ. ಹಾಗಾಗಿ ಬಟ್ಟೆ ಸರಿಯಾಗಿ ಕೂರದಿದ್ದರೆ ತಪ್ಪು ನಿಮ್ಮ ಮೈಯದಲ್ಲ. ದುಬಾರಿ ಬಟ್ಟೆ ತೊಟ್ಟವರು ಚೆನ್ನಾಗಿ ಕಾಣುವುದಕ್ಕೆ ಬ್ರ್ಯಾಂಡಿಗಿಂತ ದೊಡ್ಡ ಕಾರಣ, ಅದನ್ನು ಅವರ ಮೈಗೆ ತಕ್ಕಂತೆ ತಿದ್ದಿಸಿರುವುದು.

ಕೊಳ್ಳುವಾಗ ಮೊದಲು ನೋಡಬೇಕಾದ್ದು ಭುಜ. ಶರ್ಟಾಗಲಿ, ಕುರ್ತಾವಾಗಲಿ, ಭುಜದ ಹೊಲಿಗೆ ಭುಜದ ಮೂಳೆ ಮುಗಿಯುವಲ್ಲೇ ಕೂರಬೇಕು. ಅದು ತೋಳಿನ ಮೇಲೆ ಜಾರಿದ್ದರೆ, ಎಷ್ಟೇ ರಿಯಾಯಿತಿ ಇರಲಿ, ಕೆಳಗಿಟ್ಟು ಬನ್ನಿ. ಭುಜವನ್ನು ತಿದ್ದಬೇಕಾದರೆ ತೋಳನ್ನೇ ಬಿಚ್ಚಿ ಮತ್ತೆ ಕೂರಿಸಬೇಕು. ಅದು ದೊಡ್ಡ ಕೆಲಸ, ಬಹಳ ದರ್ಜಿಗಳು ಒಪ್ಪುವುದೂ ಇಲ್ಲ. ಉಳಿದದ್ದೆಲ್ಲ ಸುಲಭ. ಸೊಂಟದ ಬಳಿ ಸಡಿಲವಿದ್ದರೆ ಪಕ್ಕದ ಹೊಲಿಗೆ ಹಿಡಿಸಬಹುದು. ತೋಳು ಉದ್ದವಿದ್ದರೆ ಮಣಿಕಟ್ಟಿನ ಮೂಳೆಯವರೆಗೆ ಮಡಿಸಿ ಹೊಲಿಸಬಹುದು. ಕುರ್ತಾದ ಉದ್ದ ಎಲ್ಲಿಗೆ ಬಂದರೆ ನಿಮ್ಮ ಎತ್ತರಕ್ಕೆ ಒಪ್ಪುತ್ತದೆ ಎಂಬುದನ್ನು ಕನ್ನಡಿಯ ಮುಂದೆ ಪಿನ್ನು ಚುಚ್ಚಿ ನೋಡಿ ಗುರುತು ಹಾಕಬಹುದು. ಗಂಡಸರ ಪ್ಯಾಂಟು ಹಿಮ್ಮಡಿಯ ಬಳಿ ಗುಡ್ಡೆಗುಡ್ಡೆಯಾಗಿ ಬಿದ್ದಿರುವುದು ನಮ್ಮ ಕಚೇರಿಗಳಲ್ಲಿ ಕಾಣುವ ಅತಿ ಸಾಮಾನ್ಯ ದೃಶ್ಯ. ದರ್ಜಿಯ ಹತ್ತು ನಿಮಿಷದ ಕೆಲಸ ಅದು. ಮಾಡಿಸಿಕೊಂಡ ದಿನದಿಂದಲೇ ಮನುಷ್ಯ ಎರಡಂಗುಲ ಎತ್ತರ ಕಾಣುತ್ತಾನೆ.

ಶರ್ಟಿನ ಕಾಲರಿನ ಗುಂಡಿ ಹಾಕಿದ ಮೇಲೆ ಕುತ್ತಿಗೆಗೂ ಕಾಲರಿಗೂ ನಡುವೆ ಎರಡು ಬೆರಳು ಹೋಗಬೇಕು. ಹೋಗದಿದ್ದರೆ ಉಸಿರು ಕಟ್ಟುತ್ತದೆ, ನಾಲ್ಕು ಬೆರಳು ಹೋದರೆ ಎರವಲು ತಂದದ್ದರಂತೆ ಕಾಣುತ್ತದೆ. ಗುಂಡಿ ಹಾಕಿದಾಗ ಎದೆಯ ಬಳಿ ಬಟ್ಟೆ ಬಾಯಿ ತೆರೆಯುತ್ತಿದ್ದರೆ ಒಂದು ಸೈಜು ದೊಡ್ಡದು ತೆಗೆದುಕೊಂಡು ಸೊಂಟದಲ್ಲಿ ಹಿಡಿಸುವುದೇ ಸರಿ. ಮೈ ತೋರುವಂತೆ ಬಿಗಿಯಾಗಿದ್ದರೆ ಮಾತ್ರ ಫಿಟ್ಟಿಂಗ್ ಎಂಬ ನಂಬಿಕೆ ಹುಡುಗರಲ್ಲೂ ಹುಡುಗಿಯರಲ್ಲೂ ಇದೆ. ಬಟ್ಟೆ ಮೈಯನ್ನು ಹಿಂಬಾಲಿಸಬೇಕು, ಹಿಡಿದೆಳೆಯಬಾರದು.

ರವಿಕೆಯ ವಿಷಯಕ್ಕೆ ಬಂದರೆ ಇನ್ನೂ ಸ್ವಲ್ಪ ನಿಂತು ಮಾತಾಡಬೇಕು. ಸೀರೆ ಎಷ್ಟೇ ಬೆಲೆಯದಾಗಿರಲಿ, ರವಿಕೆ ಕೆಟ್ಟಿದ್ದರೆ ಎಲ್ಲವೂ ಕೆಟ್ಟಿತು. ಸಾಧಾರಣ ಸೀರೆಯ ಮೇಲೆ ಚೆನ್ನಾಗಿ ಕೂತ ರವಿಕೆ ಇದ್ದರೆ ಸೀರೆಯ ಬೆಲೆ ಯಾರಿಗೂ ಹೊಳೆಯುವುದಿಲ್ಲ. ಹೊಲಿಯಲು ಕೊಡುವ ಮುನ್ನ ಬ್ಲೌಸ್ ಪೀಸನ್ನೂ ಲೈನಿಂಗ್ ಬಟ್ಟೆಯನ್ನೂ ನೀರಿನಲ್ಲಿ ನೆನೆಸಿ ಒಣಗಿಸಿ ಕೊಡಿ. ನೂಲಿನ ಲೈನಿಂಗು ಮೊದಲ ಒಗೆತದಲ್ಲಿ ಕುಗ್ಗುತ್ತದೆ, ಮೇಲಿನ ಬಟ್ಟೆ ಅಷ್ಟು ಕುಗ್ಗುವುದಿಲ್ಲ. ಒಂದು ತಿಂಗಳಲ್ಲಿ ರವಿಕೆಯ ಬೆನ್ನು ಸುಕ್ಕುಸುಕ್ಕಾಗುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಸೀರೆಗೆ ಹಾಕುವ ಫಾಲಿಗೂ ಇದೇ ಮಾತು ಅನ್ವಯಿಸುತ್ತದೆ. ನೆನೆಸದೆ ಹೊಲಿದ ಫಾಲು ಕುಗ್ಗಿ, ಸೀರೆಯ ಅಂಚನ್ನು ಮುದುಡಿಸಿ ನೆರಿಗೆಯನ್ನೇ ಹಾಳುಮಾಡುತ್ತದೆ. ರವಿಕೆಯ ಎರಡೂ ಪಕ್ಕದಲ್ಲಿ ಒಂದೊಂದು ಅಂಗುಲ ಬಟ್ಟೆ ಒಳಗೆ ಬಿಡಿಸಿ, ಎರಡು ಮೂರು ಸಾಲು ಹೊಲಿಗೆ ಹಾಕಿಸಿ. ಮೈ ತುಂಬಿದಾಗ ಒಂದು ಸಾಲು ಬಿಚ್ಚಿದರೆ ಸಾಕು, ಅದೇ ರವಿಕೆ ವರ್ಷಗಟ್ಟಲೆ ಬರುತ್ತದೆ. ಹೊಲಿದು ಬಂದ ಮೇಲೆ ಅಂಗಡಿಯಲ್ಲೇ ತೊಟ್ಟು, ಕೈ ಮೇಲೆತ್ತಿ ನೋಡಿ. ಕಂಕುಳ ಬಳಿ ಎಳೆದು ಇಡೀ ರವಿಕೆ ಮೇಲೇರಿದರೆ ತಿದ್ದಿಕೊಡಲು ಹೇಳಿ. ಒಳ್ಳೆಯ ದರ್ಜಿಗಳು ಬೇಸರಿಸುವುದಿಲ್ಲ. ತೊಟ್ಟು ತೋರಿಸುವ ಗಿರಾಕಿಯೇ ಅವರಿಗೆ ಇಷ್ಟ.

ಪ್ರತಿ ಸೀರೆಗೂ ಒಂದು ರವಿಕೆ ಬೇಕು ಎಂಬ ನಿಯಮವನ್ನು ಬಿಟ್ಟುಬಿಡಿ. ಈಗ ಲೈನಿಂಗ್ ರವಿಕೆಯ ಹೊಲಿಗೆ ಕೂಲಿಯೇ ಎಷ್ಟೋ ಕಡೆ ಸೀರೆಯ ಅರ್ಧ ಬೆಲೆಗೆ ಬಂದು ನಿಂತಿದೆ. ಕಪ್ಪು, ಕಡುಗೆಂಪು, ಕೆನೆಬಣ್ಣ, ಈ ಮೂರು ರವಿಕೆಗಳನ್ನು ಒಳ್ಳೆಯ ದರ್ಜಿಯಿಂದ ಚೆನ್ನಾಗಿ ಹೊಲಿಸಿಟ್ಟುಕೊಂಡರೆ ಹದಿನೈದು ಸೀರೆಗಳಿಗೆ ಒಗ್ಗುತ್ತವೆ. ಉತ್ತರ ಕರ್ನಾಟಕದವರಿಗೆ ಇದು ಹೊಸದೇನಲ್ಲ. ಗುಳೇದಗುಡ್ಡದ ಖಣದ ಕುಪ್ಪಸವನ್ನು ಬೇರೆಬೇರೆ ಇಳಕಲ್ ಸೀರೆಗಳ ಮೇಲೆ ತೊಡುತ್ತ ಬಂದವರು ಅವರು. ಖಣದ ನೇಯ್ಗೆಯಲ್ಲೇ ಸಣ್ಣ ಹೂವು, ಅಂಚು ಎಲ್ಲ ಇರುವುದರಿಂದ ಮತ್ತೆ ಕಸೂತಿ, ಮಣಿ, ಲೇಸು ಯಾವುದರ ಖರ್ಚೂ ಬೇಡ.

ಅಳತೆಯೇ ಬೇಡದ ಉಡುಪು

ಕಡಿಮೆ ಖರ್ಚಿನವರಿಗೆ ಸೀರೆಗಿಂತ ದೊಡ್ಡ ಆಸರೆ ಇನ್ನೊಂದಿಲ್ಲ. ಐದೂವರೆ ಮೀಟರಿನ ಹೊಲಿಯದ ಬಟ್ಟೆ. ಇಪ್ಪತ್ತರಲ್ಲಿ ಉಟ್ಟದ್ದನ್ನು ಅರವತ್ತರಲ್ಲೂ ಉಡಬಹುದು, ತೆಳ್ಳಗಿದ್ದಾಗಲೂ ದಪ್ಪಗಾದಾಗಲೂ ಉಡಬಹುದು, ಬಸುರಿಯಲ್ಲೂ ಉಡಬಹುದು. ಅಮ್ಮನದು ಮಗಳಿಗೆ, ಅತ್ತೆಯದು ಸೊಸೆಗೆ, ಅಕ್ಕನದು ತಂಗಿಗೆ ಆಗುತ್ತದೆ. ಗಂಡಸರ ಪಂಚೆಯೂ ಹಾಗೆಯೇ. ಕೋಟು ಹೊಲಿಸಿದವರು ಐದು ವರ್ಷದ ನಂತರ ಗುಂಡಿ ಹಾಕಲು ಒದ್ದಾಡುತ್ತಾರೆ. ಅಚ್ಚ ಬಿಳಿಯ ಪಂಚೆ, ಒಪ್ಪವಾದ ಶರ್ಟು ತೊಟ್ಟವರು ಯಾವ ಸಭೆಯಲ್ಲೂ ಕಡಿಮೆ ಕಾಣುವುದಿಲ್ಲ.

ಯಾವ ಸೀರೆ ಕೊಳ್ಳಬೇಕು? ಮೈಸೂರು ಸಿಲ್ಕ್ ಚೆಂದ ನಿಜ. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಮೈಸೂರಿನ ಕಾರ್ಖಾನೆಯ ಸೀರೆ ಇಂದಿಗೂ ಎಲ್ಲರ ಕನಸು. ಆದರೆ ಬೆಲೆ ಹತ್ತಾರು ಸಾವಿರಕ್ಕೆ ಹೋಗಿದೆ. ಅದರ ಹೋಲಿಕೆಯದೆಂದು ಮಾರುವ ಸಿಂಥೆಟಿಕ್ ಸೀರೆಯನ್ನು ಕೊಂಡು ಹಂಬಲ ತೀರಿಸಿಕೊಳ್ಳುವುದಕ್ಕಿಂತ, ತಾನು ಏನೋ ಅದೇ ಆಗಿರುವ ನೂಲಿನ ಸೀರೆಯೇ ಮೇಲು. ಇದು ನನ್ನ ದೃಢವಾದ ಅಭಿಪ್ರಾಯ. ನಕಲು ಜರಿ ಆರು ತಿಂಗಳಿಗೆ ಕಪ್ಪಾಗುತ್ತದೆ, ನೂಲು ಒಗೆದಷ್ಟೂ ಮೆತ್ತಗಾಗುತ್ತದೆ.

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಯನ್ನೇ ತೆಗೆದುಕೊಳ್ಳಿ. ಅದರ ಸೆರಗನ್ನು ಬೇರೆ ಹಾಸಿನಲ್ಲಿ ಮಾಡಿಕೊಂಡು, ಮೈಯ ಹಾಸಿನ ಒಂದೊಂದು ಎಳೆಗೂ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಸೇರಿಸಿ ನೇಯುತ್ತಾರೆ. ಕೆಂಪು ಬಿಳುಪಿನ ತೋಪ ತೆನಿ ಸೆರಗು ಹುಟ್ಟುವುದು ಹೀಗೆ. ಸಾವಿರಾರು ಎಳೆಗಳನ್ನು ಕೈಯಿಂದ ಸೇರಿಸುವ ಈ ಕೆಲಸದ ಸೀರೆ, ಮೈ ನೂಲಿನದಾಗಿದ್ದರೆ, ಇನ್ನೂ ಸಾಮಾನ್ಯರ ಕೈಗೆಟುಕುವ ಬೆಲೆಯಲ್ಲಿ ಸಿಗುತ್ತದೆ. ಹೊಲಕ್ಕೆ ಹೋಗುವ ಹೆಂಗಸರು ಉಟ್ಟ ಸೀರೆ ಇದು. ಅಂಚಿನ ಅಂದ, ಗಾಢ ಬಣ್ಣ, ಗಟ್ಟಿ ನೇಯ್ಗೆ ಮೂರೂ ಇರುವುದರಿಂದ ಬ್ಯಾಂಕಿನ ಕೌಂಟರಿಗೂ ಕಾಲೇಜಿನ ತರಗತಿಗೂ ಅಷ್ಟೇ ಸಲೀಸು.

ಕರಾವಳಿಯ ಉಡುಪಿ ಸೀರೆಯ ಸ್ವಭಾವವೇ ಬೇರೆ. ನುಣುಪಾದ ನೂಲು, ತೆಳು ಬಣ್ಣ, ಕಿರಿದಾದ ಅಂಚು, ಸೆಕೆಗೆ ಹೇಳಿ ಮಾಡಿಸಿದ ಹಗುರ. ಒಂದು ಕಾಲದಲ್ಲಿ ದಕ್ಷಿಣ ಕನ್ನಡದ ಮನೆಮನೆಯ ದಿನಬಳಕೆಯ ಸೀರೆಯಾಗಿದ್ದ ಇದನ್ನು ನೇಯುವವರು ನೋಡನೋಡುತ್ತಲೇ ಬೆರಳೆಣಿಕೆಗೆ ಇಳಿದರು. 2016ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರ ಸಂಘದಂಥ ಕಡೆ ಮಗ್ಗದ ಸದ್ದು ಮತ್ತೆ ಕೇಳತೊಡಗಿದೆ. ಗಂಜಿ ಹಾಕಿದ ಉಡುಪಿ ಸೀರೆ ಉಟ್ಟವರ ಒಪ್ಪವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಮಲೆನಾಡಿನ ಕಡೆಯವರಾದರೆ ಹೆಗ್ಗೋಡಿನ ‘ಚರಕ’ ಸಹಕಾರ ಸಂಘದ ಹೆಂಗಸರು ಅಡಿಕೆ ಚೊಗರು ಮುಂತಾದ ಬಣ್ಣಗಳಲ್ಲಿ ಅದ್ದಿ ಮಾಡುವ ಕೈಮಗ್ಗದ ಬಟ್ಟೆ ನೋಡಿ. ಆ ಮಣ್ಣುಬಣ್ಣದ ಜುಬ್ಬಾ ಹಳತಾದಷ್ಟೂ ಚೆಂದ.

ಕೊಳ್ಳುವಾಗ ಮೋಸ ಹೋಗದಿರಲು ಹಳೆಯದೊಂದು ಪರೀಕ್ಷೆ ಇದೆ. ಸೆರಗಿನ ಕುಚ್ಚಿನಿಂದ ಎರಡು ಎಳೆ ಕಿತ್ತು ಬೆಂಕಿ ಕಡ್ಡಿಗೆ ಹಿಡಿಯಿರಿ. ನೂಲಾದರೆ ಕಾಗದ ಸುಟ್ಟ ವಾಸನೆ ಬಂದು ಹಗುರ ಬೂದಿ ಉಳಿಯುತ್ತದೆ. ಅಪ್ಪಟ ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಉಳಿದ ಕರಿ ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಂಗಡಿಯಲ್ಲಿ ಕೇಳಿ ಮಾಡಿ, ಪ್ರಾಮಾಣಿಕ ವ್ಯಾಪಾರಿ ತಾನೇ ಕಡ್ಡಿ ಗೀರಿ ತೋರಿಸುತ್ತಾನೆ. ಜೊತೆಗೆ ಗುರುತುಗಳೂ ಇವೆ. ರೇಷ್ಮೆಗೆ 2004ರಿಂದ ಸಿಲ್ಕ್ ಮಾರ್ಕ್, ಕೈಮಗ್ಗಕ್ಕೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್. ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳು, ಊರೂರಿನ ಖಾದಿ ಭಂಡಾರಗಳು, ಆಗಸ್ಟ್ 7ರ ರಾಷ್ಟ್ರೀಯ ಕೈಮಗ್ಗ ದಿನದ ಹೊತ್ತಿಗೆ ಏರ್ಪಡುವ ಮೇಳಗಳು, ಗಾಂಧಿ ಜಯಂತಿಯ ಸಮಯದ ಖಾದಿ ರಿಯಾಯಿತಿ, ಇವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಂಡವರು ವರ್ಷದ ಬಟ್ಟೆಯನ್ನು ನೆಮ್ಮದಿಯಾಗಿ ಕೊಳ್ಳುತ್ತಾರೆ.

ಪ್ಯಾಂಟು, ಶರ್ಟು, ಟಾಪುಗಳಿಗೆ ಬೆಂಗಳೂರಿಗರಿಗೆ ಇನ್ನೊಂದು ಅನುಕೂಲ ಇದೆ. ಜಗತ್ತಿಗೆಲ್ಲ ಬಟ್ಟೆ ಹೊಲಿದು ಕಳಿಸುವ ಊರು ಅದು. ರಫ್ತಿನಲ್ಲಿ ಮಿಕ್ಕಿದ್ದು, ಸಣ್ಣ ದೋಷಕ್ಕೆ ತಿರಸ್ಕೃತವಾದದ್ದು ಸರ್‌ಪ್ಲಸ್ ಅಂಗಡಿಗಳಿಗೆ ಬರುತ್ತದೆ. ಅಲ್ಲಿ ಲೇಬಲ್ ಹುಡುಕುತ್ತ ಕೂರಬೇಡಿ, ಹೊಲಿಗೆ ನೋಡಿ. ಶರ್ಟನ್ನು ಎರಡೂ ಭುಜದಲ್ಲಿ ಹಿಡಿದು ತೂಗುಬಿಟ್ಟಾಗ ಪಕ್ಕದ ಹೊಲಿಗೆ ನೇರವಾಗಿ ಇಳಿಯಬೇಕು. ಒಂದು ಕಡೆಗೆ ತಿರುಚಿದ್ದರೆ ಒಗೆದ ಮೇಲೆ ಇನ್ನಷ್ಟು ತಿರುಚುತ್ತದೆ. ಚೌಕಳಿ ಇದ್ದರೆ ಜೇಬಿನ ಚೌಕಳಿಯೂ ಎದೆಯ ಚೌಕಳಿಯೂ ಕೂಡುತ್ತವೆಯೇ ನೋಡಿ. ಕೂಡಿದ್ದರೆ, ಆ ಬಟ್ಟೆಯನ್ನು ಕತ್ತರಿಸಿದವರು ಉಳಿದದ್ದರಲ್ಲೂ ಅವಸರ ಮಾಡಿಲ್ಲ ಎಂದು ನಂಬಬಹುದು.

ಬಣ್ಣದ ಬಗ್ಗೆ ಒಂದೇ ಮಾತು. ಕಪ್ಪು ಮೈಬಣ್ಣದವರಿಗೆ ಗಾಢ ಬಣ್ಣ ಒಪ್ಪುವುದಿಲ್ಲ ಎಂದು ನಮ್ಮ ಹುಡುಗಿಯರಿಗೆ ಚಿಕ್ಕಂದಿನಿಂದ ಹೇಳಿಹೇಳಿ ನೋಯಿಸಿದ್ದೇವೆ. ಇದು ಅಪ್ಪಟ ಸುಳ್ಳು. ದಾಳಿಂಬೆ ಕೆಂಪು, ಅರಿಶಿನ, ನವಿಲು ನೀಲಿ ಕಪ್ಪು ಮೈಯ ಮೇಲೆ ಅರಳುವಷ್ಟು ಬಿಳಿ ಮೈಯ ಮೇಲೆ ಅರಳುವುದಿಲ್ಲ. 2020ರಲ್ಲಿ ದೇಶದ ಅತಿ ಹೆಸರಾದ ಕ್ರೀಮೊಂದು ತನ್ನ ಹೆಸರಿನಿಂದ ‘ಫೇರ್’ ಎಂಬ ಪದವನ್ನು ತೆಗೆದುಹಾಕಿತು. ಹೆಸರು ಬದಲಾಯಿತು, ಮನಸ್ಸು ಇನ್ನೂ ಪೂರ್ತಿ ಬದಲಾಗಿಲ್ಲ. ಮೈಬಣ್ಣ ತಿಳಿಯಾಗಿಸುವ ಕ್ರೀಮಿಗೆ ತಿಂಗಳು ತಿಂಗಳು ಹಾಕುವ ದುಡ್ಡನ್ನು ಉಳಿಸಿದರೆ ವರ್ಷಕ್ಕೊಂದು ಒಳ್ಳೆಯ ಸೀರೆ ಬರುತ್ತದೆ.

ಗಂಜಿ, ಇಸ್ತ್ರಿ, ಬೀರು

ಚೆನ್ನಾಗಿ ಉಡುವವರ ನಿಜವಾದ ಗುಟ್ಟು ಇರುವುದು ಬಚ್ಚಲಿನಲ್ಲಿ, ಒಣಹಾಕುವ ಹಗ್ಗದಲ್ಲಿ. ನೂಲಿನ ಬಟ್ಟೆಗೆ ಗಂಜಿ ಹಾಕುವ ಅಭ್ಯಾಸ ನಗರದ ಮನೆಗಳಲ್ಲಿ ಕಡಿಮೆಯಾಗಿದೆ, ಏಕೆಂದರೆ ಕುಕ್ಕರಿನಲ್ಲಿ ಮಾಡಿದ ಅನ್ನಕ್ಕೆ ಬಸಿಯುವ ಗಂಜಿಯೇ ಇಲ್ಲ. ವಾರಕ್ಕೊಮ್ಮೆ ಪಾತ್ರೆಯಲ್ಲಿ ಅನ್ನ ಮಾಡಿ ಗಂಜಿ ಬಸಿದುಕೊಳ್ಳಿ, ಇಲ್ಲವೇ ಒಂದು ಹಿಡಿ ಸಾಬಕ್ಕಿಯನ್ನು ನೀರಿನಲ್ಲಿ ಕರಗುವವರೆಗೆ ಬೇಯಿಸಿ. ತೆಳು ಬಟ್ಟೆಯಲ್ಲಿ ಸೋಸುವುದನ್ನು ಮರೆಯಬೇಡಿ, ಒಂದು ಅಗುಳು ಉಳಿದರೂ ಕಡು ಬಣ್ಣದ ಸೀರೆಯ ಮೇಲೆ ಬಿಳಿ ಕಲೆಯಾಗಿ ಕೂರುತ್ತದೆ. ಸೋಸಿದ್ದನ್ನು ಬಕೆಟ್ ನೀರಿಗೆ ಬೆರೆಸಿ, ಪೂರ್ತಿ ಜಾಲಿಸಿದ ಬಟ್ಟೆಯನ್ನು ಕೊನೆಯಲ್ಲಿ ಅದರಲ್ಲಿ ಅದ್ದಿ ಹಿಂಡಿ, ನೆರಳಿನಲ್ಲಿ ನಾಲ್ಕೂ ಮೂಲೆ ಎಳೆದು ಒಣಹಾಕಬೇಕು. ಎಳೆದು ಒಣಹಾಕಿದರೆ ಇಸ್ತ್ರಿಯ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಪೂರ್ತಿ ಒಣಗುವ ಮುನ್ನ, ಸ್ವಲ್ಪ ತೇವ ಇರುವಾಗಲೇ ಮಡಚಿ ಸುತ್ತಿಟ್ಟು ಒಳಮೈಯ ಕಡೆಯಿಂದ ಇಸ್ತ್ರಿ ಮಾಡಿ. ಆಗ ನೂರು ರೂಪಾಯಿ ಮೀಟರಿನ ಬಟ್ಟೆಯೂ ಹೊಸದರಂತೆ ನಿಲ್ಲುತ್ತದೆ. ಬಹಳ ದಿನ ಉಡದ ಬಟ್ಟೆಗೆ ಮಾತ್ರ ಗಂಜಿ ಹಾಕಿ ಎತ್ತಿಡಬೇಡಿ. ಗಂಜಿಯ ಆಸೆಗೆ ಬೆಳ್ಳಿಹುಳು ಬಂದು ಬಟ್ಟೆಯನ್ನೇ ತಿನ್ನುತ್ತದೆ.

ಹೊಸ ಬಣ್ಣದ ಬಟ್ಟೆಯನ್ನು ಮೊದಲ ಎರಡು ಮೂರು ಸಲ ಬೇರೆಯಾಗಿ, ತಣ್ಣೀರಿನಲ್ಲಿ, ಹೆಚ್ಚು ನೆನೆಸದೆ ಒಗೆಯಬೇಕು. ಬಿಳಿ ಶರ್ಟಿನ ಕಾಲರಿಗೂ ತೋಳಿನ ತುದಿಗೂ ಒಗೆಯುವ ಮುನ್ನ ಸೋಪು ಸವರಿ ಹತ್ತು ನಿಮಿಷ ಬಿಟ್ಟರೆ ಬ್ರಷ್ಷಿನಲ್ಲಿ ಉಜ್ಜಿ ಎಳೆ ಹರಿಯುವುದು ತಪ್ಪುತ್ತದೆ. ಮನೆಯಲ್ಲಿ ಒಗೆಯಬಹುದಾದ ರೇಷ್ಮೆಗೆ ನಮ್ಮ ಅಜ್ಜಿಯರ ಅಂಟುವಾಳವೇ ಸಾಕು, ಅದರ ನೊರೆ ಮೃದು. ರೇಷ್ಮೆ ಸೀರೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಡದೆ ಹಳೆಯ ನೂಲಿನ ಪಂಚೆಯಲ್ಲಿ ಸುತ್ತಿಡಿ. ಎರಡು ಮೂರು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಿಸಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬಿದ್ದ ಜರಿ ಆ ಗೆರೆಯಲ್ಲೇ ಸೀಳುತ್ತದೆ. ನುಸಿಗುಳಿಗೆ ಜರಿಗೆ ತಾಗಬಾರದು. ಒಣಗಿದ ಬೇವಿನ ಎಲೆಯನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಮೂಲೆಯಲ್ಲಿಡಿ.

ನಿಮ್ಮ ಬೀದಿಯ ಇಸ್ತ್ರಿ ಗಾಡಿಯವರನ್ನು ಗೌರವದಿಂದ ಕಾಣಿ. ಇದ್ದಿಲಿನ ಪೆಟ್ಟಿಗೆಯ ಭಾರದಲ್ಲಿ ಅವರು ತೆಗೆಯುವ ಮಡಿಕೆಯ ಗೆರೆ ಮನೆಯ ಹಗುರ ಪೆಟ್ಟಿಗೆಗೆ ಬರುವುದಿಲ್ಲ. ಒಂದು ಬಟ್ಟೆಗೆ ಅವರು ಕೇಳುವುದು ಒಂದು ಕಾಫಿಯ ಬೆಲೆ. ವಾರಕ್ಕೆ ಐದು ಜೊತೆ ಕೊಟ್ಟರೂ ಹೊಸ ಬಟ್ಟೆಯ ಖರ್ಚಿನ ಮುಂದೆ ಅದು ಏನೂ ಅಲ್ಲ. ಗುಂಡಿ, ಹುಕ್ಕು, ಬಿಚ್ಚಿದ ಅಂಚಿನ ಹೊಲಿಗೆಗಳನ್ನು ಭಾನುವಾರ ಅರ್ಧ ಗಂಟೆ ಕೂತು ನೀವೇ ಸರಿಮಾಡಿಕೊಳ್ಳಬಹುದು. ಗಂಡುಮಕ್ಕಳಿಗೂ ಸೂಜಿ ಹಿಡಿಯಲು ಕಲಿಸಿ. ಮೊಳೆಗೆ ಸಿಕ್ಕಿ ಹರಿದ ರೇಷ್ಮೆಗೆ ಪೇಟೆಯಲ್ಲಿ ಡಾರ್ನಿಂಗ್ ಅಂಗಡಿಗಳಿವೆ. ಅದೇ ಸೀರೆಯ ಒಳತುದಿಯಿಂದ ಎಳೆ ತೆಗೆದು, ಹರಿದ ಜಾಗ ಕಾಣದಂತೆ ನೇಯ್ದು ಕೊಡುವ ಕೈಗಳು ಅಲ್ಲಿವೆ.

ಚಪ್ಪಲಿ, ಚೀಲ, ಒಡವೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸವೆದ ಹಿಮ್ಮಡಿಯ ಚಪ್ಪಲಿ ಮೇಲಿನದ್ದನ್ನೆಲ್ಲ ಕೆಡಿಸುತ್ತದೆ, ರಿಪೇರಿಯವರ ಬಳಿ ಹೊಸ ಸೋಲು ಹಾಕಿಸಿ ಪಾಲಿಶ್ ಮಾಡಿಸಿ. ಒಂದೇ ಒಳ್ಳೆಯ ಚೀಲ ಸಾಕು, ಅದು ತುಂಬಿ ತುಳುಕದಿದ್ದರೆ. ಚಿನ್ನದ ಬೆಲೆ ಏರಿರುವ ಈ ದಿನಗಳಲ್ಲಿ ಅದರ ಹೊಳಪನ್ನು ಅನುಕರಿಸುವ ಒಡವೆಗಳಿಗಿಂತ, ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಾಕುವ ಚನ್ನಪಟ್ಟಣದ ಬಳೆ, ಓಲೆಗಳು ಇಳಕಲ್ ಸೀರೆಗೂ ಜೀನ್ಸಿಗೂ ಒಪ್ಪುತ್ತವೆ. ಕತ್ತರಿಸಿದ ಉಗುರು, ಬಾಚಿದ ತಲೆ, ಬೇಕೆನಿಸಿದರೆ ಒಂದು ಮೊಳ ಮಲ್ಲಿಗೆ.

ಯಾರಿಗೆ ಇದು ಮುಖ್ಯ?

ಇಷ್ಟೆಲ್ಲ ಉಡುಪಿನ ಮಾತು ಸೊಕ್ಕಿದವರ ಚಿಂತೆ ಎಂದು ತಳ್ಳಿಹಾಕುವವರು ಇದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಹಣವಂತರು ಹೇಗೆ ಬಂದರೂ ಕುರ್ಚಿ ಸಿಗುತ್ತದೆ. ಬಟ್ಟೆಯ ಮೇಲೆ ಅಳೆಯಲ್ಪಡುವವರು ಇಲ್ಲದವರೇ. ಹಳ್ಳಿಯಿಂದ ಮೊದಲ ಸಲ ಸಂದರ್ಶನಕ್ಕೆ ಬಂದ ಹುಡುಗಿ, ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಸೀರೆ ಬಿಡಿಸಿ ತೋರಿಸುವ ಹೆಣ್ಣುಮಗಳು, ಗೌರವಧನದ ಮೇಲೆ ದುಡಿಯುವ ಅತಿಥಿ ಉಪನ್ಯಾಸಕ, ಇವರನ್ನು ಎದುರಿನವರು ಮಾತು ಆಡುವ ಮುನ್ನವೇ ತೂಗಿರುತ್ತಾರೆ. ಅದು ಅನ್ಯಾಯ. ಅನ್ಯಾಯ ಇರುವವರೆಗೆ ಅದನ್ನು ಎದುರಿಸುವ ಬಗೆಯೂ ಗೊತ್ತಿರಬೇಕು.

ಇದನ್ನು ಅಂಬೇಡ್ಕರ್ ಅವರಷ್ಟು ಆಳವಾಗಿ ಅರಿತವರು ವಿರಳ. 1927ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಮಹಾಡಿನ ಸಮ್ಮೇಳನದಲ್ಲಿ, ಮನುಸ್ಮೃತಿಯನ್ನು ಸುಟ್ಟ ಆ ದಿನಗಳಲ್ಲೇ, ಅವರು ಅಲ್ಲಿ ನೆರೆದಿದ್ದ ಹೆಂಗಸರಿಗೆಂದೇ ಮಾತಾಡಿದರು. ಜಾತಿಯ ಗುರುತಾಗಿ ಹೇರಿದ ರೀತಿಯಲ್ಲಿ ಸೀರೆ ಉಡುವುದನ್ನು ಬಿಡಿ, ಸವರ್ಣ ಹೆಂಗಸರು ಉಡುವಂತೆ ಉಡಿ, ಬಟ್ಟೆಗೆ ತೇಪೆ ಇದ್ದರೂ ಚಿಂತೆಯಿಲ್ಲ, ಅದು ಶುಭ್ರವಾಗಿರಲಿ ಎಂಬುದು ಅವರು ಹೇಳಿದ್ದರ ಸಾರ. ತೇಪೆಯಿಂದ ಯಾರ ಘನತೆಯೂ ಕುಗ್ಗುವುದಿಲ್ಲ ಎಂದು ಅವರು ತಿಳಿಸಿಕೊಟ್ಟರು. ಅವರು ತೊಡುತ್ತಿದ್ದ ಸೂಟು ನಮ್ಮ ಊರೂರಿನ ಪ್ರತಿಮೆಗಳಲ್ಲಿ ಇಂದಿಗೂ ನೀಲಿಯಾಗಿ ನಿಂತಿರುವುದು ಸುಮ್ಮನೆ ಅಲ್ಲ. ಚೆನ್ನಾಗಿ ಉಡುವ ಹಕ್ಕನ್ನೇ ಕಸಿದುಕೊಂಡಿದ್ದ ಸಮಾಜದ ಎದುರು ಉಡುಪು ಒಂದು ಉತ್ತರವಾಗಿತ್ತು. ಅಂಥ ಉತ್ತರವನ್ನು ಇಂದು ಕಾಣಬೇಕಾದರೆ ಬೆಳಗಿನ ಜಾವ ಬೆಂಗಳೂರಿನ ಪೀಣ್ಯದ ಕಡೆಗೋ ಮೈಸೂರು ರಸ್ತೆಯ ಕಡೆಗೋ ಹೋಗುವ ಬಸ್ಸುಗಳಲ್ಲಿ ಗಾರ್ಮೆಂಟ್ಸಿನ ಹೆಣ್ಣುಮಕ್ಕಳನ್ನು ನೋಡಿ. ಇಸ್ತ್ರಿ ಮಾಡಿದ ಚೂಡಿದಾರ, ಪಿನ್ನು ಹಾಕಿದ ದುಪಟ್ಟಾ, ಎಣ್ಣೆ ಹಚ್ಚಿ ಹೆಣೆದ ಜಡೆ. ಇಡೀ ದಿನ ಇನ್ನೊಬ್ಬರ ಬಟ್ಟೆ ಹೊಲಿಯುವ ಅವರು ತಮ್ಮ ಬಟ್ಟೆಯನ್ನು ಎಷ್ಟು ಅಚ್ಚುಕಟ್ಟಾಗಿ ಇಟ್ಟುಕೊಂಡಿರುತ್ತಾರೆ! ನಾಡಿನಲ್ಲಿ ಚೆನ್ನಾಗಿ ಉಡುವುದನ್ನು ಕಲಿಯಬೇಕಾದವರು ಸಿನಿಮಾ ನಟಿಯರಿಗಿಂತ ಮೊದಲು ಇವರನ್ನು ನೋಡಬೇಕು.

ಇಲ್ಲದ ಶ್ರೀಮಂತಿಕೆ ತೋರಿಸಲು ಸಾಲ ಮಾಡಿ ಉಡುವುದು ಇದಕ್ಕೆ ಪೂರ್ತಿ ವಿರುದ್ಧದ ದಾರಿ. ಮದುವೆಯ ಒಂದು ಸಂಜೆಗೆ ಕಂತಿನ ಮೇಲೆ ಲೆಹೆಂಗಾ ಕೊಂಡು, ಅದು ಬೀರುವಿನಲ್ಲಿ ಶಾಶ್ವತವಾಗಿ ಕೂತ ಮೇಲೂ ಕಂತು ಕಟ್ಟುತ್ತಿರುವ ಕುಟುಂಬಗಳಿವೆ. ಅಂಥ ಸಂಜೆಗೆ ಅಮ್ಮನ ರೇಷ್ಮೆ ಸೀರೆಗೆ ಹೊಸ ರವಿಕೆಯೊಂದನ್ನು ಹೊಲಿಸಿಕೊಂಡರೆ ಸಾಕು. ಬಂದವರು ಕೇಳುವುದೂ ಆ ಸೀರೆಯ ಬಗ್ಗೆಯೇ.

ಲೆಕ್ಕವನ್ನೂ ಹಾಕಿಬಿಡೋಣ. ₹1,800ರ ಕೈಮಗ್ಗದ ಸೀರೆಯನ್ನು 60 ಸಲ ಉಟ್ಟರೆ ಒಂದು ಸಲಕ್ಕೆ 30 ರೂಪಾಯಿ ಬಿತ್ತು. ₹500ರ ಸಿಂಥೆಟಿಕ್ ಸೀರೆ ಐದು ಸಲಕ್ಕೆ ಮುಖ ಕೆಡಿಸಿಕೊಂಡರೆ ಒಂದು ಸಲಕ್ಕೆ 100 ರೂಪಾಯಿ. ಅರವತ್ತು ಸಲ ಉಟ್ಟ ಮೇಲೂ ಆ ನೂಲಿನ ಸೀರೆಯ ಕೆಲಸ ಮುಗಿಯುವುದಿಲ್ಲ. ಮಗುವಿನ ಲಂಗವಾಗುತ್ತದೆ, ದಿಂಬಿನ ಚೀಲವಾಗುತ್ತದೆ, ಕೊನೆಗೆ ಕೌದಿಯ ಒಂದು ಪದರವಾಗುತ್ತದೆ. ಪಾಲಿಯೆಸ್ಟರ್ ಸೀರೆಯನ್ನು ಕೌದಿಗೆ ಹಾಕಿದರೆ ಬೆವರು ಹೀರುವುದಿಲ್ಲ, ಮೆತ್ತಗೂ ಆಗುವುದಿಲ್ಲ.

ಮುಂದಿನ ಹಬ್ಬದ ಖರೀದಿಗೆ ಹೊರಡುವ ಮುನ್ನ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಬೀರುವಿನಲ್ಲಿರುವುದನ್ನೆಲ್ಲ ಮಂಚದ ಮೇಲೆ ಹರಡಿ. ಕಳೆದ ಒಂದು ವರ್ಷದಲ್ಲಿ ತೊಡದೇ ಇದ್ದದ್ದನ್ನು ಬೇರೆ ಮಾಡಿ, ಯಾಕೆ ತೊಡಲಿಲ್ಲ ಎಂದು ಒಂದೊಂದನ್ನೇ ಎತ್ತಿ ನೋಡಿ. ಅಳತೆಯ ತೊಂದರೆ ಇರುವುದು ದರ್ಜಿಗೆ, ಹೊಲಿಗೆ ಬಿಟ್ಟದ್ದು ಸೂಜಿಗೆ, ಮುದುಡಿದ್ದು ಇಸ್ತ್ರಿಗೆ ಹೋಗಲಿ. ಯಾವುದಕ್ಕೂ ಆಗದ್ದು, ಇನ್ನೂ ಗಟ್ಟಿಯಾಗಿದ್ದರೆ, ಒಗೆದು ಮಡಚಿ, ತೊಡುವವರಿಗೆ ಕೊಡಿ. ಹರಿದದ್ದನ್ನು, ಮಾಸಿದ್ದನ್ನು ಇನ್ನೊಬ್ಬರಿಗೆ ದಾನ ಮಾಡಬೇಡಿ. ಆಮೇಲೆ ಮಿಕ್ಕ ದುಡ್ಡಿನಲ್ಲಿ ನಮ್ಮದೇ ನೇಕಾರರ ಒಂದೇ ಒಂದು ಸೀರೆಯನ್ನೋ ಪಂಚೆಯನ್ನೋ ಕೊಳ್ಳಿ, ಅದನ್ನು ಎತ್ತಿಡದೆ ಮರುದಿನವೇ ಕೆಲಸಕ್ಕೆ ಉಟ್ಟು ಹೋಗಿ.